32 ಕ್ಯಾಮೆರಾ, 214 ಕೆಲಸ

ನಮ್ಮ ಅಪಾರ್ಟ್‌ಮೆಂಟಿನ ಹನ್ನೊಂದನೇ ಕ್ಯಾಮೆರಾ ಹಗಲಲ್ಲಿ ಚೆನ್ನಾಗಿಯೇ ಇತ್ತು. ಹಿಂಬದಿಯ ಗೇಟು, ಅದರ ಪಕ್ಕದ ಸಂಪು, ಸಂಪಿನ ಮುಚ್ಚಳದ ಮೇಲೆ ಮಲಗುವ ಕಂದು ನಾಯಿ, ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಬೈಕೊಂದು ಕಳುವಾದ ಮರುದಿನ ಬೆಳಿಗ್ಗೆ ನಾವು ಐದಾರು ಜನ ಸೆಕ್ಯುರಿಟಿ ಕೋಣೆಯಲ್ಲಿ ಒತ್ತಿಕೊಂಡು ನಿಂತು ರೆಕಾರ್ಡಿಂಗ್ ಹಿಂದಕ್ಕೆ ಓಡಿಸಿದೆವು. ಸಂಜೆ ಆರೂಮುಕ್ಕಾಲರವರೆಗೆ ನಾಯಿ ಇತ್ತು. ಆಮೇಲೆ ಕಪ್ಪು ಚೌಕ. ಎರಡು ನಿಮಿಷಕ್ಕೊಮ್ಮೆ ಚಿತ್ರ ಮಿಣುಕಿ ಮಾಯವಾಗುತ್ತಿತ್ತು. ಬೆಳಗಿನ ಆರೂಕಾಲಿಗೆ ಮತ್ತೆ ನಾಯಿ ಪ್ರತ್ಯಕ್ಷ. ಬೈಕು ಹೋದದ್ದು ಈ ನಡುವೆ, ಅದೇ ಗೇಟಿನಿಂದ.

ಕಾರಣ ಗೊತ್ತಾಗಲು ಬೇರೊಬ್ಬ ತಂತ್ರಜ್ಞ ಬಂದು ಕೇಬಲ್ ಅಳೆಯಬೇಕಾಯಿತು. ಕ್ಯಾಟ್-6 ಕೇಬಲ್ಲಿಗೆ ಸ್ವಿಚ್ಚಿನಿಂದ ಕ್ಯಾಮೆರಾವರೆಗೆ 100 ಮೀಟರಿನ ಮಿತಿ ಇದೆ. ನಮ್ಮದು ಕಾಂಪೌಂಡು ಬಳಸಿ, ಮೆಟ್ಟಿಲಿಳಿದು, ಪಾರ್ಕಿಂಗ್ ದಾಟಿ 130 ಮೀಟರ್ ಹೋಗಿತ್ತು. ಚಿತ್ರ ತರುವ ಕೇಬಲ್ಲೇ ಕ್ಯಾಮೆರಾಗೆ ಕರೆಂಟನ್ನೂ ಒಯ್ಯುತ್ತದೆ. ಹಗಲಲ್ಲಿ ಬೇಕಾಗುವ ನಾಲ್ಕೈದು ವ್ಯಾಟು ಹೇಗೋ ತಲುಪುತ್ತಿತ್ತು. ಕತ್ತಲಾದ ಕೂಡಲೇ ಕ್ಯಾಮೆರಾದೊಳಗಿನ ಇನ್‌ಫ್ರಾರೆಡ್ ದೀಪಗಳು ಹೊತ್ತಿಕೊಂಡು ಇನ್ನಷ್ಟು ಕರೆಂಟು ಕೇಳುತ್ತವೆ. ಆ ಉದ್ದದ ತಂತಿಯಲ್ಲಿ ವೋಲ್ಟೇಜು ಕುಸಿದು ಕ್ಯಾಮೆರಾ ಸಾಯುತ್ತಿತ್ತು. ಸತ್ತೊಡನೆ ಹೊರೆ ಇಳಿದು ಮತ್ತೆ ಎದ್ದು ಕೂರುತ್ತಿತ್ತು, ದೀಪ ಹೊತ್ತಿಸುತ್ತಿತ್ತು, ಮತ್ತೆ ಸಾಯುತ್ತಿತ್ತು. ಕಳ್ಳನಿಗೆ ಇದೆಲ್ಲ ಗೊತ್ತಿತ್ತು ಎಂದೇನೂ ಅಲ್ಲ. ಅವನ ನಸೀಬು.

ಕೆಲಸ ಮುಗಿಯಿತೆಂದು ಗುತ್ತಿಗೆದಾರರು ನಮಗೆ ಒಪ್ಪಿಸಿದ್ದು ಮಧ್ಯಾಹ್ನ ಹನ್ನೆರಡಕ್ಕೆ. ಸಂಘದ ಕಾರ್ಯದರ್ಶಿಯಾಗಿ ಸಹಿ ಹಾಕಿದವನು ನಾನೇ.

ಯಾರ ತಪ್ಪು ಎಂದು ಕೇಳಿದರೆ ಮೂವರೂ ನಿಜವನ್ನೇ ಹೇಳಿದರು. ಕೇಬಲ್ ಎಳೆದವನು, "ಎಳಿ ಅಂದ್ರು, ಎಳೆದೆ" ಎಂದ. ಕ್ಯಾಮೆರಾ ಕೂರಿಸಿದವನು, "ಪಿಕ್ಚರ್ ಬಂತಲ್ಲ ಸರ್, ನೀವೇ ನೋಡಿದ್ರಿ" ಎಂದ. ಎಲೆಕ್ಟ್ರಿಷಿಯನ್, "ನಂದು ಪ್ಲಗ್ ಪಾಯಿಂಟ್ ತನಕ ಅಷ್ಟೇ" ಎಂದ. ದೂರ ಎಷ್ಟಾಗುತ್ತದೆಂದು ಅಳೆಯುವುದಾಗಲಿ, ಕತ್ತಲಲ್ಲಿ ಚಿತ್ರ ನೋಡುವುದಾಗಲಿ ಈ ಮೂವರಲ್ಲಿ ಯಾರ ಪಾಲಿಗೂ ಬಂದಿರಲಿಲ್ಲ.

ಹಳೆಯ ಕೊಟೇಶನ್ ತೆಗೆದು ನೋಡಿದೆ. ಏಳು ಸಾಲು. ಕ್ಯಾಮೆರಾ 16, ರೆಕಾರ್ಡರ್ 1, ಹಾರ್ಡ್ ಡಿಸ್ಕ್ 4 ಟಿಬಿ, ಕೇಬಲ್ ಇಷ್ಟು ಮೀಟರ್, ಪೈಪು, ಸ್ವಿಚ್ಚು. ಕೊನೆಯಲ್ಲಿ "ಇನ್‌ಸ್ಟಲೇಶನ್ ಆಂಡ್ ಕಮಿಷನಿಂಗ್ — 1 ಜಾಬ್". ಸಾಮಾನನ್ನೆಲ್ಲ ಎಣಿಸಿದ್ದರು. ಕೆಲಸ ಮಾತ್ರ ಒಂದೇ ಒಂದು ಗಂಟು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ನಮ್ಮದು ಅಕ್ಷರಶಃ ದಿಡ್ಡಿ ಬಾಗಿಲೇ. ಮೂರು ಬ್ಲಾಕು, 96 ಮನೆಗಳ ಸಂಘ ತುರ್ತು ಸಭೆ ಸೇರಿ, ಎಲ್ಲವನ್ನೂ ಬಿಚ್ಚಿ 32 ಕ್ಯಾಮೆರಾಗಳ ಹೊಸ ವ್ಯವಸ್ಥೆ ಮಾಡುವುದೆಂದು ಠರಾವು ಮಾಡಿತು. ಮುಖ್ಯ ಗೇಟಿಗೆ ಬೂಮ್ ಬ್ಯಾರಿಯರ್, ಮೂರು ಲಾಬಿಗಳಿಗೆ ಕಾರ್ಡು ತೋರಿಸಿದರೆ ತೆರೆಯುವ ಬಾಗಿಲು ಕೂಡ ಸೇರಿದವು. ಸಭೆಯಲ್ಲಿ ಹಿಂದಿನ ಸಾಲಲ್ಲಿ ಕೂತಿದ್ದ ಎ ಬ್ಲಾಕಿನ ನಿವೃತ್ತ ಎಂಜಿನಿಯರೊಬ್ಬರು ಒಂದೇ ಪ್ರಶ್ನೆ ಕೇಳಿದರು: "ಕೆಲಸ ಎಷ್ಟು?" ಮೂವತ್ತೆರಡು ಕ್ಯಾಮೆರಾ ಸರ್ ಎಂದೆ. "ಅದು ಸಾಮಾನು. ಕೆಲಸ ಎಷ್ಟು?"

ಮರುದಿನ ಬೆಳಿಗ್ಗೆ ಅವರ ಜೊತೆ ಕಾಂಪೌಂಡು ಸುತ್ತಿದೆ. ಅವರ ಕೈಯಲ್ಲಿ ಅಳತೆ ಟೇಪು, ನನ್ನ ಫೋನಿನಲ್ಲಿ ಒಂದು ಖಾಲಿ ಗೂಗಲ್ ಶೀಟು. ನಾನು ಮೊದಲ ಕಾಲಮ್ಮಿನಲ್ಲಿ "ಕೇಬಲಿಂಗ್" ಎಂದು ಬರೆಯಹೊರಟೆ. ಅವರು ತಡೆದರು. "ಹಾಗೆ ಬರೆದರೆ ಮತ್ತೆ ಮೂವರ ಕಥೆಯೇ ಆಗುತ್ತೆ. ಜಾಗದ ಹೆಸರು ಬರೀರಿ." ಹಾಗಾಗಿ ಮೊದಲ ಸಾಲು 'ಹಿಂಬಾಗಿಲು' ಆಯಿತು. ಆಮೇಲೆ ಮುಖ್ಯ ಗೇಟು, ಬೇಸ್‌ಮೆಂಟು, ಮೂರು ಲಾಬಿ, ಮೂರು ಲಿಫ್ಟು, ಮಕ್ಕಳ ಪಾರ್ಕು, ಸೆಕ್ಯುರಿಟಿ ಕೋಣೆ. ಒಟ್ಟು ಹನ್ನೊಂದು ಜಾಗ.

ಈ ಒಂದು ತಿದ್ದುಪಡಿಯಲ್ಲೇ ಮುಕ್ಕಾಲು ಪಾಲು ವಿದ್ಯೆ ಇದೆ ಎಂಬುದು ನನ್ನ ಅಭಿಪ್ರಾಯ. ಕೆಲಸವನ್ನು ಕಸುಬಿನ ಪ್ರಕಾರ ಒಡೆದರೆ ಕೇಬಲಿನವನು 32 ಕಡೆ ಕೇಬಲ್ ಎಳೆದು ಮುಗಿಸುತ್ತಾನೆ, ದುಡ್ಡು ಕೇಳುತ್ತಾನೆ. ಒಂದೂ ಕ್ಯಾಮೆರಾ ಕಣ್ಣು ಬಿಟ್ಟಿರುವುದಿಲ್ಲ. ಜಾಗದ ಪ್ರಕಾರ ಒಡೆದರೆ ಹಿಂಬಾಗಿಲು ಪೂರ್ತಿ ಮುಗಿಯುತ್ತದೆ. ಅಲ್ಲಿ ತಪ್ಪಿದ್ದು ಉಳಿದ ಹತ್ತು ಕಡೆ ತಪ್ಪುವುದಿಲ್ಲ.

ಹೀಗೆ ದೊಡ್ಡ ಕೆಲಸವನ್ನು ಕವಲು ಕವಲಾಗಿ ಬಿಡಿಸಿ ಬರೆಯುವುದಕ್ಕೆ ವರ್ಕ್ ಬ್ರೇಕ್‌ಡೌನ್ ಸ್ಟ್ರಕ್ಚರ್ ಎಂದು ಹೆಸರು. 1950ರ ದಶಕದ ಕೊನೆಯಲ್ಲಿ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿ ಕಟ್ಟುವಾಗ ಬೆಳೆದ ಪದ್ಧತಿಗಳ ಕುಲ ಇದು. 1962ರಲ್ಲಿ ಅಲ್ಲಿನ ರಕ್ಷಣಾ ಇಲಾಖೆ ಮತ್ತು ನಾಸಾ ಸೇರಿ ಇದನ್ನು ಕೈಪಿಡಿಯಲ್ಲಿ ಬರೆದವು. 1968ರಲ್ಲಿ ಸೇನಾ ಮಾನಕವೇ ಬಂತು. ಆ ಮಾನಕವೂ ಹೇಳುವುದು ಇಷ್ಟೇ: ಮಾಡುವ ಕ್ರಿಯೆಯನ್ನು ಹಿಡಿದು ಒಡೆಯಬೇಡಿ, ಕೈಗೆ ಸಿಗಬೇಕಾದ ವಸ್ತುವನ್ನು ಹಿಡಿದು ಒಡೆಯಿರಿ. ಇದರ ಜೊತೆಗಿನ ಇನ್ನೊಂದು ನಿಯಮಕ್ಕೆ ನೂರು ಪರ್ಸೆಂಟ್ ನಿಯಮ ಎನ್ನುತ್ತಾರೆ. ಕೊಂಬೆಗಳನ್ನೆಲ್ಲ ಕೂಡಿದರೆ ಪೂರ್ತಿ ಮರ ಬರಬೇಕು, ಒಂದು ಎಲೆಯೂ ಹೊರಗೆ ಉಳಿಯಬಾರದು. ನಮ್ಮ ಹಳೆಯ ಕೊಟೇಶನ್ನಿನಲ್ಲಿ ಹೊರಗುಳಿದದ್ದು ಇಡೀ ರಾತ್ರಿ.

ಪ್ರತಿ ಕ್ಯಾಮೆರಾಗೂ ಐದು ಸಾಲು ಬಂದವು. ಪೈಪು ಮತ್ತು ಬ್ರ್ಯಾಕೆಟ್, ಕೇಬಲ್ ಎಳೆದು ಎರಡೂ ತುದಿಗೆ ಚೀಟಿ ಅಂಟಿಸುವುದು, ಕ್ರಿಂಪಿಂಗ್ ಮಾಡಿ ಟೆಸ್ಟರಿನಲ್ಲಿ ಎಂಟೂ ತಂತಿ ನೋಡುವುದು, ಕ್ಯಾಮೆರಾ ಕೂರಿಸಿ ಕೋನ ಹೊಂದಿಸುವುದು, ರಾತ್ರಿ ಒಂಬತ್ತರ ಮೇಲೆ ತೆಗೆದ ಒಂದು ಚಿತ್ರ. 32 ಐದಲಿ 160. ಉಳಿದ 54 ಸಾಲುಗಳು ಯಾವ ಕ್ಯಾಮೆರಾಗೂ ಸೇರದವು: ಅರ್ಥಿಂಗ್ ಗುಂಡಿ, ಯುಪಿಎಸ್, ರ್ಯಾಕು, ಸಿಡಿಲಿನ ಹೊಡೆತ ತಡೆಯುವ ಸರ್ಜ್ ಪ್ರೊಟೆಕ್ಟರ್, ಪಾಸ್‌ವರ್ಡ್ ಬದಲಾವಣೆ, ವಾಚ್‌ಮನ್‌ಗಳಿಗೆ ತರಬೇತಿ. ಒಟ್ಟು 214.

ಇಲ್ಲಿ ಸಾಫ್ಟ್‌ವೇರ್ ಏನು ಮಾಡಿತು? ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಒಡೆಯುವ ಕೆಲಸವನ್ನು ಅದು ಮಾಡಲಿಲ್ಲ. ಅದನ್ನು ಮಾಡಿದ್ದು ಅಳತೆ ಟೇಪು ಮತ್ತು ಎರಡು ಜೊತೆ ಕಾಲು. ಒಡೆದದ್ದು ಮರೆತುಹೋಗದಂತೆ ಸಾಫ್ಟ್‌ವೇರ್ ಹಿಡಿದಿಟ್ಟಿತು. ಜೊತೆಗೆ ಮೂರು ಕಡೆ ನಮ್ಮ ಅಂದಾಜನ್ನು ಸುಳ್ಳು ಮಾಡಿತು.

ಮೊದಲನೆಯದು ಕ್ಯಾಮೆರಾ ಎಷ್ಟು ಅಗಲ ನೋಡಬೇಕು ಎಂಬುದು. ಕಟ್ಟಡದ ನಕ್ಷೆಯ ಮೇಲೆ ಕ್ಯಾಮೆರಾ ಗುರುತು ಎಳೆದು ಕೂರಿಸಿದರೆ ಅದು ಎಲ್ಲಿಯವರೆಗೆ ಏನನ್ನು ಕಾಣುತ್ತದೆಂದು ಬಣ್ಣದಲ್ಲಿ ತೋರಿಸುವ ಸಾಫ್ಟ್‌ವೇರ್‌ಗಳಿವೆ. ಲೆಕ್ಕ ಸರಳ. ಅಪರಿಚಿತನೊಬ್ಬನ ಮುಖ ಗುರುತಿಸಲು ಒಂದು ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಬೇಕು ಎನ್ನುತ್ತದೆ 2015ರ ಯುರೋಪಿನ ಮಾನಕ. ಅಲ್ಲಿ ಯಾರೋ ಇದ್ದಾರೆ ಎನ್ನಲು 25 ಸಾಕು. ಸಾಧಾರಣ 2 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಅಡ್ಡಕ್ಕೆ 1920 ಪಿಕ್ಸೆಲ್. ಅಂದರೆ ಏಳೂಮುಕ್ಕಾಲು ಮೀಟರಿಗಿಂತ ಅಗಲ ತೋರಿಸಿದರೆ ಮುಖ ಗುರುತಾಗುವ ಭರವಸೆ ಇಲ್ಲ. ಹಳೆಯ ವ್ಯವಸ್ಥೆಯಲ್ಲಿ ಮುಖ್ಯ ಗೇಟಿನ ಕ್ಯಾಮೆರಾ 20 ಮೀಟರ್ ತೋರಿಸುತ್ತಿತ್ತು. ಗೇಟು, ರಸ್ತೆ, ಎದುರಿನ ಬೇಕರಿ, ಬೇಕರಿಯ ಮುಂದೆ ಚಹಾ ಕುಡಿಯುವವರು ಎಲ್ಲ ಕಾಣುತ್ತಾರೆಂದು ನಾವು ಹಿಗ್ಗಿದ್ದೆವು. ಎಲ್ಲರೂ ಕಾಣುತ್ತಿದ್ದರು, ಆದರೆ ಯಾರ ಮುಖವೂ ಗುರುತಿಗೆ ಸಿಗುತ್ತಿರಲಿಲ್ಲ.

ಎರಡನೆಯದು ಡಿಸ್ಕು. ಒಂದು ಕ್ಯಾಮೆರಾ ಸೆಕೆಂಡಿಗೆ 4 ಮೆಗಾಬಿಟ್ ಕಳಿಸಿದರೆ ದಿನಕ್ಕೆ 43 ಜಿಬಿ ಆಗುತ್ತದೆ. 16 ಕ್ಯಾಮೆರಾಗೆ ದಿನಕ್ಕೆ 691 ಜಿಬಿ. ನಮ್ಮ 4 ಟಿಬಿ ಡಿಸ್ಕು ಆರು ದಿನವೂ ತಾಳುವುದಿಲ್ಲ. ಆರನೇ ದಿನವೇ ಮೊದಲ ದಿನದ ಮೇಲೆ ಬರೆಯತೊಡಗುತ್ತದೆ. ಊರಿಗೆ ಹೋದ ಕುಟುಂಬವೊಂದು ಹತ್ತು ದಿನ ಬಿಟ್ಟು ಬಂದು ಕಳುವಾದದ್ದು ತಿಳಿದರೆ ನಾವು ತೋರಿಸಲು ಏನೂ ಇರುತ್ತಿರಲಿಲ್ಲ. ಹೆಚ್ಚು ಜನ ಬಂದುಹೋಗುವ ಸಂಸ್ಥೆಗಳು 30 ದಿನದ ದೃಶ್ಯ ಇಟ್ಟುಕೊಳ್ಳಬೇಕೆಂದು ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ. ನಾವೂ ಅದೇ ಅಳತೆ ಇಟ್ಟುಕೊಂಡೆವು. 32 ಕ್ಯಾಮೆರಾಗೆ 41 ಟಿಬಿ ಎಂದು ಲೆಕ್ಕ ಬಂದಾಗ ಖಜಾಂಚಿಯ ಮುಖ ಸಣ್ಣಗಾಯಿತು. ಹೊಸ ಎಚ್.265 ವಿಧಾನದಲ್ಲಿ ದೃಶ್ಯ ಕುಗ್ಗಿಸಿ ಅರ್ಧಕ್ಕೆ ಇಳಿಸಿದೆವು.

ಮೂರನೆಯದು ನಮಗೆ ಹೊಳೆಯುವಂಥದ್ದೇ ಆಗಿರಲಿಲ್ಲ. ಯಾವ ಕೆಲಸ ಮುಗಿಯದೆ ಯಾವುದು ಶುರುವಾಗುವುದಿಲ್ಲ ಎಂದು ಪ್ರತಿ ಸಾಲಿನ ಮುಂದೆ ಬರೆದು ಎಂಜಿನಿಯರು ಅದನ್ನು ಗ್ಯಾಂಟ್‌ಪ್ರಾಜೆಕ್ಟ್ ಎಂಬ ಉಚಿತ ಸಾಫ್ಟ್‌ವೇರಿಗೆ ಹಾಕಿದರು. ಪರದೆಯ ಮೇಲೆ ಅಡ್ಡಪಟ್ಟಿಗಳು ಒಂದಕ್ಕೊಂದು ಬಾಣದಿಂದ ಕೊಂಡಿ ಹಾಕಿಕೊಂಡವು. ಉದ್ದದ ಸರಪಳಿ ಹಿಂಬಾಗಿಲಿನದೋ ಬೇಸ್‌ಮೆಂಟಿನದೋ ಇರಬಹುದೆಂದು ನಾವಂದುಕೊಂಡಿದ್ದೆವು. ಬಂದದ್ದು ಲಿಫ್ಟು. ಲಿಫ್ಟಿನೊಳಗಿನ ಕ್ಯಾಮೆರಾಗೆ ಅದರ ಜೊತೆ ಮೇಲೆ ಕೆಳಗೆ ಓಡಾಡುವ ಟ್ರಾವೆಲಿಂಗ್ ಕೇಬಲ್ ಬೇಕು. ಅದನ್ನು ಲಿಫ್ಟ್ ನಿರ್ವಹಣೆಯವರಲ್ಲದೆ ಬೇರೆಯವರು ಮುಟ್ಟುವಂತಿಲ್ಲ. ಅವರಿಗೆ ಅರ್ಜಿ, ಅಂದಾಜು ಪಟ್ಟಿ, ಮಂಜೂರಾತಿ, ದಿನ ನಿಗದಿ. ಮಾಡುವ ಕೆಲಸ ಅರ್ಧ ದಿನದ್ದು, ಕಾಯುವುದು ವಾರಗಟ್ಟಲೆ. ಪಟ್ಟಿಯಲ್ಲಿ ಕೊನೆಗಿದ್ದ ಆ ಪತ್ರವನ್ನು ಅವತ್ತೇ ಬರೆದು ಕಳಿಸಿದೆವು.

ಒಂದು ಎಚ್ಚರಿಕೆ. 32 ಕ್ಯಾಮೆರಾದ ಕೆಲಸಕ್ಕೆ ಗೂಗಲ್ ಶೀಟು, ಮೇಲೊಂದು ಉಚಿತ ಗ್ಯಾಂಟ್ ಸಾಫ್ಟ್‌ವೇರ್ ಧಾರಾಳವಾಯಿತು. 1984ರಿಂದ ಇರುವ ಮೈಕ್ರೋಸಾಫ್ಟ್ ಪ್ರಾಜೆಕ್ಟಾಗಲಿ, ಮೆಟ್ರೊ, ಅಣೆಕಟ್ಟಿನಂಥ ಕಾಮಗಾರಿಗಳವರು ಬಳಸುವ ಪ್ರಿಮವೆರಾ ಆಗಲಿ ಇಲ್ಲಿ ಇರುವೆ ಹೊಡೆಯಲು ಒನಕೆ. ಹಾಗೆಯೇ ಅತಿಯಾಗಿ ಒಡೆಯುವುದೂ ಒಂದು ರೋಗ. ನಮ್ಮ ಬ್ಲಾಕಿನ ಉತ್ಸಾಹಿ ತರುಣನೊಬ್ಬ ಪಟ್ಟಿಯನ್ನು ಇನ್ನಷ್ಟು ಸೂಕ್ಷ್ಮಗೊಳಿಸುವುದಾಗಿ ಕೊಂಡೊಯ್ದು 600 ಸಾಲು ಮಾಡಿ ತಂದ. ಅದರಲ್ಲಿ "ಏಣಿ ತರುವುದು" ಒಂದು ಸಾಲು, "ಏಣಿ ಹಿಂದಿರುಗಿಸುವುದು" ಇನ್ನೊಂದು. ಮೂರನೇ ದಿನಕ್ಕೆ ಆ ಶೀಟನ್ನು ಯಾರೂ ತೆರೆಯಲಿಲ್ಲ. ಮರೆತರೆ ತೊಂದರೆ ತರುವಂಥದ್ದನ್ನು ಬಿಟ್ಟರೆ, ಇಬ್ಬರು ಅರ್ಧ ದಿನದಲ್ಲಿ ಮುಗಿಸಬಹುದಾದದ್ದಕ್ಕಿಂತ ಚಿಕ್ಕ ತುಂಡು ಮಾಡಬೇಡಿ ಎಂಬುದು ನಮಗೆ ಅನುಭವದಿಂದ ಸಿಕ್ಕ ಅಳತೆ.

ಇನ್ನೊಂದು ಕಾಲಮ್ಮನ್ನು ಎಂಜಿನಿಯರು ಮೊದಲ ದಿನವೇ ಅಳಿಸಿದರು: ಎಷ್ಟು ಪರ್ಸೆಂಟ್ ಮುಗಿದಿದೆ ಎಂಬುದು. "ತೊಂಬತ್ತು ಪರ್ಸೆಂಟ್ ಆಗಿದೆ ಸರ್" ಎಂಬ ಮಾತು ಎರಡು ತಿಂಗಳು ತೊಂಬತ್ತರಲ್ಲೇ ನಿಲ್ಲುತ್ತದೆ. ಮನೆ ಕಟ್ಟಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಜಾಗಕ್ಕೆ ಸೊನ್ನೆ ಅಥವಾ ಒಂದು ಬಂತು. ಒಂದು ಎಂದು ಬರೆಯಲು ಫೋಟೊ ಬೇಕು. ಕೆಲಸದ ಹುಡುಗರಲ್ಲಿ ಇಬ್ಬರು ರಾಯಚೂರಿನ ಕಡೆಯವರು, ಮೂವರು ಬಿಹಾರದವರು. ಇಂಗ್ಲಿಷ್ ಶೀಟು ಅವರಿಗೆ ನಿರುಪಯೋಗಿ. ಹಾಗಾಗಿ ಪ್ರತಿ ಕ್ಯಾಮೆರಾಗೂ 'ಹಿಂ-3', 'ಪಾ-1' ಎಂಬಂತೆ ಒಂದು ಸಂಕೇತ ಕೊಟ್ಟು, ಅದನ್ನೇ ಕೇಬಲ್ಲಿನ ಎರಡೂ ತುದಿಯ ಚೀಟಿಯಲ್ಲಿ ಬರೆಸಿದೆವು. ಬಿಹಾರದ ಹುಡುಗರು ಎರಡೇ ದಿನದಲ್ಲಿ ಆ ಅಕ್ಷರಗಳ ಆಕಾರ ಗುರುತು ಹಿಡಿದರು. ಅವರು ಚೀಟಿ ಕಾಣುವಂತೆ ಫೋಟೊ ತೆಗೆದು ವಾಟ್ಸ್‌ಆ್ಯಪ್‌ಗೆ ಹಾಕುತ್ತಿದ್ದರು. ಸಂಜೆ ನಾನು ಶೀಟಿಗೆ ಏರಿಸುತ್ತಿದ್ದೆ.

ಗುತ್ತಿಗೆದಾರರಿಗೆ ಇದು ಮೊದಲು ಹಿಡಿಸಲಿಲ್ಲ. ವಾಡಿಕೆಯಂತೆ ಅರ್ಧ ಮುಂಗಡ, ಸಾಮಾನು ಬಂದಾಗ ನಲವತ್ತು ಭಾಗ, ಮುಗಿದಾಗ ಹತ್ತು ಎಂದು ಕೇಳಿದರು. ಅಂದರೆ ಮೊದಲ ಚಿತ್ರ ಬರುವ ಮುಂಚೆ ತೊಂಬತ್ತು ಭಾಗ ಅವರ ಜೇಬಿನಲ್ಲಿ. ಜಾಗ ಮುಗಿದಂತೆ ದುಡ್ಡು ಎಂದೆವು. ಅವರು ಹೇಳಿದ್ದರಲ್ಲೂ ನ್ಯಾಯವಿತ್ತು: "ಎಸ್.ಪಿ. ರೋಡಿನ ಅಂಗಡಿಗಳಲ್ಲಿ ನನಗೆ ಯಾರು ಸಾಲ ಕೊಡ್ತಾರೆ ಸಾರ್? 305 ಮೀಟರಿನ ಕೇಬಲ್ ಬಾಕ್ಸು ಬಿಡಿಸಿ ಕಾಲು ಭಾಗ ಕೊಡ್ತಾರಾ?" ಕೊನೆಗೆ ಸಾಮಾನಿನ ದುಡ್ಡು ಬಿಲ್ಲು ನೋಡಿ ಕೊಡುವುದು, ಕೂಲಿಯ ದುಡ್ಡು ಜಾಗ ಮುಗಿದಂತೆ ಕೊಡುವುದು ಎಂದಾಯಿತು. ಕ್ಯಾಮೆರಾಗಳ ಭದ್ರತಾ ಪರೀಕ್ಷೆ ಕಡ್ಡಾಯ ಮಾಡಿದ ಕೇಂದ್ರದ ನಿಯಮ 2025ರ ಏಪ್ರಿಲ್ 9ರಿಂದ ಜಾರಿಯಲ್ಲಿದೆ; ಬಿಲ್ಲಿನ ಜೊತೆ ಆ ಪ್ರಮಾಣಪತ್ರವನ್ನೂ ಕೇಳಿದೆವು.

214 ಸಾಲುಗಳಲ್ಲಿ ನನಗೆ ಈಗಲೂ ಮೈ ಜುಮ್ಮೆನಿಸುವುದು ಒಂದೇ ಸಾಲು. ಲಾಬಿಯ ಬಾಗಿಲುಗಳಿಗೆ ವಿದ್ಯುತ್ ಅಯಸ್ಕಾಂತದ ಬೀಗ. ಕರೆಂಟು ಇರುವಷ್ಟು ಹೊತ್ತು ಅದು ಮನುಷ್ಯ ಎಳೆದರೆ ಬಿಡುವಂಥದ್ದಲ್ಲ. ಕಟ್ಟಡದ ಬೆಂಕಿ ಎಚ್ಚರಿಕೆ ಗಂಟೆ ಬೇರೆ ಗುತ್ತಿಗೆದಾರರದ್ದು, ಹಳೆಯದು. ಗಂಟೆ ಹೊಡೆದ ಕ್ಷಣ ಬೀಗದ ಕರೆಂಟು ಕಡಿದು ಬಾಗಿಲು ತಾನಾಗಿ ತೆರೆಯಬೇಕು. ಬೀಗದವರು "ನಮ್ಮ ಕಂಟ್ರೋಲರ್‌ನಲ್ಲಿ ಅದಕ್ಕೆ ಟರ್ಮಿನಲ್ ಇದೆ" ಎಂದರು. ಗಂಟೆಯವರು "ನಮ್ಮ ಪ್ಯಾನೆಲ್‌ನಲ್ಲೂ ಔಟ್‌ಪುಟ್ ಇದೆ" ಎಂದರು. ಎರಡರ ನಡುವಿನ ಒಂದು ಜೊತೆ ತಂತಿ ಎಳೆಯುವುದು ಇಬ್ಬರ ಕೊಟೇಶನ್ನಿನಲ್ಲೂ ಇರಲಿಲ್ಲ. ಯುಪಿಎಸ್ ಬೇರೆ ಹಾಕುತ್ತಿದ್ದೆವು. ಬೆಸ್ಕಾಂ ಕರೆಂಟು ಹೋದರೂ ಬೀಗ ಬಿಡದಷ್ಟು ಗಟ್ಟಿಯಾದ ವ್ಯವಸ್ಥೆ! ಅದಕ್ಕೊಂದು ಸಾಲು, ಒಬ್ಬರ ಹೆಸರು, ಒಂದು ದಿನಾಂಕ. ಒಂದು ಭಾನುವಾರ ಮೂರೂ ಬ್ಲಾಕಿನಲ್ಲಿ ಗಂಟೆ ಹೊಡೆಸಿ, ಸ್ಟಾಪ್‌ವಾಚ್ ಹಿಡಿದು ಬಾಗಿಲ ಮುಂದೆ ನಿಂತೆವು. ಬಿ ಬ್ಲಾಕಿನದು ಮೊದಲ ಸಲ ತೆರೆಯಲಿಲ್ಲ. ತಂತಿ ತಿರುವುಮುರುವಾಗಿತ್ತು.

ಇದು ಬರೀ ಅಪಾರ್ಟ್‌ಮೆಂಟಿನ ಪುರಾಣವೇ ಎಂದು ಓದುಗರು ಕೇಳಬಹುದು. ದೇಶದ ಅತ್ಯುನ್ನತ ನ್ಯಾಯಾಲಯವೇ ಇಂಥದೊಂದು ಪಟ್ಟಿ ಬರೆದಿದೆ. 2020ರ ಡಿಸೆಂಬರ್ 2ರಂದು ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ದೇಶದ ಎಲ್ಲ ಪೊಲೀಸ್ ಠಾಣೆಗಳಲ್ಲಿ ಕ್ಯಾಮೆರಾ ಇರಬೇಕೆಂದು ಆದೇಶಿಸಿತು. "ಠಾಣೆಗೆ ಇಂತಿಷ್ಟು ಕ್ಯಾಮೆರಾ" ಎಂದು ಬರೆದು ಮುಗಿಸಲಿಲ್ಲ. ಒಳಬರುವ ಮತ್ತು ಹೊರಹೋಗುವ ಜಾಗ, ಮುಖ್ಯ ದ್ವಾರ, ಎಲ್ಲ ಲಾಕಪ್ಪುಗಳು, ಕಾರಿಡಾರು, ವರಾಂಡ, ಇನ್‌ಸ್ಪೆಕ್ಟರ್ ಕೋಣೆ, ಠಾಣೆಯ ಹಿಂಭಾಗ, ಶೌಚಾಲಯದ ಹೊರಗೆ (ಒಳಗಲ್ಲ) ಎಂದು ಜಾಗ ಜಾಗವಾಗಿ ಎಣಿಸಿತು. ರಾತ್ರಿಯೂ ಕಾಣಬೇಕು, ಧ್ವನಿಯೂ ಇರಬೇಕು, 18 ತಿಂಗಳ ದೃಶ್ಯ ಉಳಿಯಬೇಕು, ಅದು ಸಾಧ್ಯವೇ ಇಲ್ಲದಿದ್ದರೆ ಕನಿಷ್ಠ ಒಂದು ವರ್ಷದ್ದು. ಕೆಟ್ಟರೆ ಹೊಣೆ ಠಾಣಾಧಿಕಾರಿಯದು, ಅವರು ಜಿಲ್ಲಾ ಸಮಿತಿಗೆ ತಿಳಿಸಬೇಕು. ಜಾಗ, ಅಳತೆ, ಹೊಣೆಗಾರ, ಮೂರೂ ಇರುವ ಪಟ್ಟಿ. ಆದರೂ ಠಾಣೆಗಳಲ್ಲಿ ಕೆಲಸ ಮಾಡದ ಕ್ಯಾಮೆರಾಗಳ ವಿಷಯವನ್ನು 2025ರಲ್ಲಿ ಕೋರ್ಟೇ ಮತ್ತೆ ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಳ್ಳಬೇಕಾಯಿತು. ಪಟ್ಟಿ ಬರೆದವರು ಒಂದು ಕಡೆ, ಸೊನ್ನೆ ಒಂದು ತುಂಬುವವರು ಇನ್ನೊಂದು ಕಡೆ ಇದ್ದರೆ ಹೀಗಾಗುತ್ತದೆ ಎಂಬುದು ನನ್ನ ಗುಮಾನಿ. ನಿರ್ಭಯಾ ನಿಧಿಯ ಬೆಂಗಳೂರು ಸೇಫ್ ಸಿಟಿ ಯೋಜನೆಯನ್ನೂ ಹಂತಗಳಾಗಿ ಒಡೆದೇ ಮಾಡಿದ್ದು. ಸಾವಿರಾರು ಕ್ಯಾಮೆರಾಗಳನ್ನು ಒಂದೇ ಗುಕ್ಕಿನಲ್ಲಿ ನುಂಗಲು ಯಾರಿಗೂ ಆಗುವುದಿಲ್ಲ.

ಮತ್ತೆ ನಮ್ಮ ಪಟ್ಟಿಗೆ ಬಂದರೆ, ಪಾಸ್‌ವರ್ಡ್ ಬದಲಾಯಿಸುವುದಕ್ಕೆ ಒಂದು ಸಾಲು ಯಾಕೆ, ಐದು ನಿಮಿಷದ ಕೆಲಸ ಅಲ್ಲವೇ ಎಂದು ಗುತ್ತಿಗೆದಾರರು ನಕ್ಕರು. 2016ರ ಅಕ್ಟೋಬರಿನಲ್ಲಿ ಅಮೆರಿಕದ ದೊಡ್ಡ ದೊಡ್ಡ ಜಾಲತಾಣಗಳು ಗಂಟೆಗಟ್ಟಲೆ ಮಲಗಿದ್ದು ಮಿರಾಯ್ ಎಂಬ ದುಷ್ಟ ತಂತ್ರಾಂಶದಿಂದ. ಅದು ಬಳಸಿಕೊಂಡದ್ದು ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ, ರೆಕಾರ್ಡರ್‌ಗಳನ್ನು. ನಮ್ಮ ಹಳೆಯ ರೆಕಾರ್ಡರಿನ ಪಾಸ್‌ವರ್ಡ್ ಏನಿತ್ತೆಂದು ಬರೆಯಲು ನಾಚಿಕೆಯಾಗುತ್ತದೆ. ಒಂದರಿಂದ ಆರರವರೆಗೆ ಎಣಿಸಲು ಬಂದರೆ ಸಾಕಿತ್ತು.

ಹಿಂಬಾಗಿಲು ಮೊದಲು ಮುಗಿಯಿತು. ಬಿ ಬ್ಲಾಕಿನ ಮೀಟರ್ ಕೋಣೆಯಲ್ಲಿ ಇನ್ನೊಂದು ಸ್ವಿಚ್ಚು ಇಟ್ಟು ಕೇಬಲ್ಲನ್ನು 60 ಮೀಟರಿಗೆ ಇಳಿಸಿದೆವು. ರಾತ್ರಿ ಒಂಬತ್ತೂಕಾಲಿಗೆ ಎಂಜಿನಿಯರು ಗೇಟಿನ ಬಳಿ ನಿಂತು ಕೈ ಬೀಸಿದರು, ನಾನು ಪರದೆ ನೋಡಿದೆ. ಅವರ ಕನ್ನಡಕದ ಚೌಕಟ್ಟೂ ಕಂಡಿತು. ಆದರೆ ಚೌಕಟ್ಟಿನ ಆಚೆ ಪಕ್ಕದ ಮನೆಯವರ ಮಲಗುವ ಕೋಣೆಯ ಕಿಟಕಿಯೂ ಕಂಡಿತು. ಮರುದಿನ ಕೋನ ಇಳಿಸಿ, ಕಿಟಕಿಯ ಜಾಗಕ್ಕೆ ಸಾಫ್ಟ್‌ವೇರಿನಲ್ಲೇ ಕಪ್ಪು ಪಟ್ಟಿ ಹಾಕಿಸಿ, ಉಳಿದೆಲ್ಲ ಕ್ಯಾಮೆರಾಗಳ ಕೋನದ ಸಾಲಿಗೆ "ಪಕ್ಕದ ಮನೆ ಕಾಣಬಾರದು" ಎಂದು ಸೇರಿಸಿದೆವು. ಮೊದಲು ಒಂದು ಜಾಗ ಪೂರ್ತಿ ಮುಗಿಸಿದ್ದರ ಫಲ ಇದು. 32 ಕಡೆ ಆಗಬಹುದಾದ ಜಗಳ ಒಂದೇ ಕಡೆ ಮುಗಿಯಿತು.

ಕಳೆದ ಮಳೆಗಾಲದಲ್ಲಿ ಬೇಸ್‌ಮೆಂಟಿನ ಒಂದು ಕ್ಯಾಮೆರಾ ಕುರುಡಾಯಿತು. ಹೆಗ್ಗಣ ಕೇಬಲ್ ಕಡಿದಿತ್ತು. ರ್ಯಾಕಿನಲ್ಲಿ ಹೆಣೆದುಕೊಂಡಿದ್ದ ತಂತಿಗಳ ನಡುವೆ 'ಬೇ-4' ಚೀಟಿ ಹುಡುಕಿ, ನಕ್ಷೆಯಲ್ಲಿ ಅದರ ದಾರಿ ನೋಡಿ, ಕಡಿದ ಜಾಗ ಪತ್ತೆ ಮಾಡಲು ನಮ್ಮ ರಾತ್ರಿ ಪಾಳಿಯ ವಾಚ್‌ಮನ್‌ಗೆ ಹಿಡಿದದ್ದು ಹತ್ತು ನಿಮಿಷ. ಬೆಳಿಗ್ಗೆ ಹುಡುಗ ಬಂದು ಹೊಸ ಕೇಬಲ್ ಎಳೆದು ಹೋದ.

ನಿಮ್ಮ ಅಪಾರ್ಟ್‌ಮೆಂಟಿಗೋ ಅಂಗಡಿಗೋ ಶಾಲೆಗೋ ಯಾರಾದರೂ ಏಳು ಸಾಲಿನ ಕೊಟೇಶನ್ ತಂದುಕೊಟ್ಟರೆ, "1 ಜಾಬ್" ಎಂಬ ಸಾಲನ್ನು ಬಿಡಿಸಿ ಬರೆದುಕೊಡಿ ಎಂದು ಕೇಳಿ. ಸಹಿ ಹಾಕುವುದನ್ನು ರಾತ್ರಿ ಒಂಬತ್ತರ ಮೇಲೆ ಇಟ್ಟುಕೊಳ್ಳಿ.

ನಮ್ಮ ಶೀಟಿನಲ್ಲಿ ಈಗ ಬಹುತೇಕ ಎಲ್ಲ ಸಾಲುಗಳ ಮುಂದೆ ಒಂದು ಇದೆ. ಸಿ ಬ್ಲಾಕಿನ ಲಿಫ್ಟಿನ ಸಾಲುಗಳ ಮುಂದೆ ಇನ್ನೂ ಸೊನ್ನೆ. ಟ್ರಾವೆಲಿಂಗ್ ಕೇಬಲ್ಲಿನ ದಿನಾಂಕ ಮೂರನೇ ಸಲ ಮುಂದೆ ಹೋಗಿದೆ.